ಹಳೆಯ ಸ್ಪೋರ್ಟ್ಸ್ ಕಾರಿನ ಪವರ್ ವಿಂಡೋ ಕೈಕೊಟ್ಟಾಗ: ಮೋಟಾರ್ ತರಿಸುವ ಮೊದಲು ಏನೇನು ನೋಡಬೇಕು

ಪವರ್ ವಿಂಡೋ ನಿಂತ ಕೂಡಲೇ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಮಾತು "ಮೋಟಾರ್ ಹೋಗಿದೆ ಸಾರ್". ದಿನಬಳಕೆಯ ಕಾರಿಗಾದರೆ ಇದು ದೊಡ್ಡ ಸುದ್ದಿಯಲ್ಲ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಹುಡುಕಿದರೆ ಸಿಗುತ್ತದೆ, ಇಲ್ಲದಿದ್ದರೆ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತದೆ. ಆದರೆ ನಿಮ್ಮ ಶೆಡ್ಡಿನಲ್ಲಿರುವುದು ಇಪ್ಪತ್ತು, ಇಪ್ಪತ್ತೈದು ವರ್ಷ ಹಳೆಯ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಾದರೆ ಕಥೆ ಬೇರೆ. ಅದರ ಮೋಟಾರ್ ಹೊರದೇಶದಿಂದ ಬರಬೇಕು. ಕಾಯಬೇಕು, ಕಸ್ಟಮ್ಸ್ ಕಟ್ಟಬೇಕು. ಅಷ್ಟೆಲ್ಲ ಮಾಡಿ ಹೊಸದು ಹಾಕಿದ ಮೇಲೂ ಗ್ಲಾಸ್ ಮೊದಲಿನಂತೆಯೇ ತಿಣುಕುತ್ತಾ ಏರಿದರೆ? ಹೀಗಾಗುವುದು ಅಪರೂಪವಲ್ಲ. ಯಾಕೆಂದರೆ ಎಷ್ಟೋ ಸಲ ಹೋಗಿರುವುದು ಮೋಟಾರ್ ಅಲ್ಲ, ಮೋಟಾರಿಗೆ ಹೋಗಬೇಕಾದ ಕರೆಂಟ್.

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಈ ತೊಂದರೆ ಎರಡು ರೂಪದಲ್ಲಿ ಬರುತ್ತದೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಾರುಗಳಿಗೆ ತೇವದ ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ ನಿಂತರೂ ಸ್ವಿಚ್ಚಿನೊಳಗೆ ಬೂಷ್ಟು, ತಾಮ್ರದ ಮೇಲೆ ಹಸಿರು ಕಿಲುಬು. ಕಡೂರು, ಬೀರೂರು, ಅರಸೀಕೆರೆ ಕಡೆಗೆ ಬಂದರೆ ಧೂಳಿನ ಕಾಟ. ಗ್ಲಾಸ್ ಓಡುವ ರಬ್ಬರಿನ ಸಂದಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತು ಗ್ಲಾಸನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ಕಾರು ಯಾವ ಕಡೆ ನಿಲ್ಲುತ್ತದೆ ಅನ್ನುವುದರಿಂದಲೇ ಎಲ್ಲಿಂದ ಹುಡುಕಬೇಕು ಅನ್ನುವುದು ಅರ್ಧ ಗೊತ್ತಾಗುತ್ತದೆ.

ಒಳಗೆ ಏನಿದೆ

ಒಂದು ಸಣ್ಣ ಡಿಸಿ ಮೋಟಾರ್, ಅದರ ತುದಿಗೆ ತಿರುಪಿನ ಆಕಾರದ ವರ್ಮ್ ಗೇರ್. ಗ್ಲಾಸನ್ನು ಕೈಯಲ್ಲಿ ಒತ್ತಿದರೆ ಇಳಿಯುವುದಿಲ್ಲ ಅಲ್ವಾ, ಅದಕ್ಕೆ ಈ ವರ್ಮ್ ಗೇರೇ ಕಾರಣ. ಮೋಟಾರಿನಿಂದ ಗ್ಲಾಸಿನವರೆಗೆ ಇರುವುದನ್ನು ನಮ್ಮ ಗ್ಯಾರೇಜುಗಳಲ್ಲಿ ವಿಂಡೋ ಮಷಿನ್ ಅನ್ನುತ್ತಾರೆ. ಕೆಲವು ಕಾರಿನಲ್ಲಿ ಅದು ಕತ್ತರಿಯಂತೆ ಮಡಚುವ ತೋಳು, ಮಜ್ದಾ ಎಂಎಕ್ಸ್-5, ಪೋರ್ಷೆ ಬಾಕ್ಸ್‌ಸ್ಟರ್ ಥರದ ಕಾರುಗಳಲ್ಲಿ ಉಕ್ಕಿನ ಕೇಬಲ್.

ಮೋಟಾರಿಗೆ ಹೆಚ್ಚಾಗಿ ಎರಡೇ ವೈರ್. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಕೊಟ್ಟರೆ ಗ್ಲಾಸ್ ಮೇಲೆ. ಅದಲುಬದಲು ಮಾಡಿದರೆ ಕೆಳಗೆ. ಈ ಅದಲುಬದಲನ್ನು ಮಾಡುವುದು ಸ್ವಿಚ್. ಬಹುಪಾಲು ಹಳೆ ಕಾರುಗಳಲ್ಲಿ ಸ್ವಿಚ್ ಮುಟ್ಟದಿದ್ದಾಗ ಎರಡೂ ವೈರ್ ಅರ್ಥ್‌ಗೆ, ಅಂದರೆ ಬ್ಯಾಟರಿಯ ಮೈನಸ್ ಕಡೆಗೆ, ಸೇರಿರುತ್ತವೆ. ಒತ್ತಿದಾಗ ಒಂದು ಮಾತ್ರ ಬ್ಯಾಟರಿಯ ಪ್ಲಸ್ ಕಡೆಗೆ ಹೋಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗ್ಲಾಸ್ ಏರುವಾಗ ಮೋಟಾರ್ ಸಾಮಾನ್ಯವಾಗಿ 5ರಿಂದ 10 ಆಂಪಿಯರ್ ಎಳೆಯುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ 20ರ ಆಸುಪಾಸಿಗೆ ಹೋಗುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಬಾಗಿಲು ಎರಡೇ ಆದ್ದರಿಂದ ಒಂದೊಂದೂ ಉದ್ದ, ಗ್ಲಾಸೂ ಅಗಲ, ತೂಕ. ಹಾಗಾಗಿ ಮೋಟಾರಿಗೆ ಮೊದಲಿಂದಲೂ ದುಡಿಮೆ ಜಾಸ್ತಿ. 10 ಆಂಪಿಯರ್ ಹರಿಯುವ ದಾರಿಯಲ್ಲಿ ಒಂದು ಓಮ್‌ನ ಹತ್ತನೇ ಒಂದು ಪಾಲು ಅಡ್ಡಿ ಬಂದರೂ 1 ವೋಲ್ಟ್ ಕಳೆದುಹೋಗುತ್ತದೆ. ಕಿಲುಬು ಹಿಡಿದ ಮೂರು ಜಾಯಿಂಟ್ ಇದ್ದರೆ 12 ವೋಲ್ಟಿನಲ್ಲಿ 9 ಉಳಿಯುತ್ತದೆ. ಆ ಮೋಟಾರ್ ಸತ್ತಿಲ್ಲ, ಉಪವಾಸವಿದೆ.

ಮೊದಲು ಕಿವಿಗೊಟ್ಟು ಕೇಳಿ

ಸ್ಪ್ಯಾನರ್ ಮುಟ್ಟುವ ಮೊದಲು ರೇಡಿಯೊ, ಫ್ಯಾನ್ ಎಲ್ಲ ಆಫ್ ಮಾಡಿ. ಇಗ್ನಿಷನ್ ಆನ್ ಮಾಡಿ, ಸ್ವಿಚ್ ಒತ್ತಿ, ಬಾಗಿಲಿಗೆ ಕಿವಿ ಕೊಡಿ.

ಯಾವ ಸದ್ದೂ ಇಲ್ಲ, ಎರಡೂ ಕಡೆಯ ಗ್ಲಾಸ್ ಅಲುಗುತ್ತಿಲ್ಲ: ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್), ಇಲ್ಲವೇ ಇಗ್ನಿಷನ್ನಿನಿಂದ ಬರುವ ವೈರ್.

ಒಂದೇ ಕಡೆ ಸದ್ದಿಲ್ಲ: ಆ ಕಡೆಯ ಸ್ವಿಚ್, ಬಾಗಿಲಿನ ಸಂದಿಯ ವೈರ್, ಅಥವಾ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್.

ಇಳಿಯುತ್ತದೆ, ಏರುವುದಿಲ್ಲ: ಹೆಚ್ಚಾಗಿ ಸ್ವಿಚ್ಚಿನ ಒಂದು ಕಡೆಯ ಕಾಂಟ್ಯಾಕ್ಟ್. ಮೋಟಾರ್ ಎರಡೂ ದಿಕ್ಕಿಗೆ ಅದೇ ಮೋಟಾರ್ ತಾನೇ? ಒಂದು ದಿಕ್ಕಿಗೆ ಚೆನ್ನಾಗಿ ತಿರುಗಿದರೆ ಅದರ ಮೇಲಿನ ಅನುಮಾನ ಬಿಡಿ.

ಮೋಟಾರ್ ಗುರ್ರ್ ಅನ್ನುತ್ತದೆ, ಗ್ಲಾಸ್ ಅಲ್ಲೇ ಇದೆ: ಕೇಬಲ್ ತುಂಡಾಗಿದೆ, ಅಥವಾ ಗೇರ್ ಸವೆದಿದೆ. ಕೆಲವು ಮೋಟಾರಿನಲ್ಲಿ ಗೇರಿನೊಳಗೆ ಪ್ಲಾಸ್ಟಿಕ್ಕಿನ ಸಣ್ಣ ಗುಂಡುಗಳಿರುತ್ತವೆ, ವಯಸ್ಸಾದಂತೆ ಅವು ಪುಡಿಯಾಗುತ್ತವೆ.

ನಾಲ್ಕು ಸಲ ಏರಿಳಿದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ನಡೆಯುತ್ತದೆ: ಮೋಟಾರಿನೊಳಗೆ ಬಿಸಿಯಾದಾಗ ಕರೆಂಟ್ ಕಡಿದುಹಾಕುವ ಸಣ್ಣ ಕಟ್‌ಔಟ್ ಇದೆ. ಅದು ತನ್ನ ಕೆಲಸ ಮಾಡುತ್ತಿದೆ. ಬಿಸಿ ಯಾಕಾಗುತ್ತಿದೆ ಅನ್ನುವುದೇ ಪ್ರಶ್ನೆ. ಉತ್ತರ ಹೆಚ್ಚಾಗಿ ಬಿಗಿಯಾದ ರಬ್ಬರ್.

ಬಾಗಿಲು ತೆರೆದಾಗ ನಡೆಯುತ್ತದೆ, ಮುಚ್ಚಿದಾಗ ಇಲ್ಲ: ನೇರ ಬಾಗಿಲಿನ ಸಂದಿಯ ವೈರಿಗೆ ಹೋಗಿ. ಬೇರೇನೂ ನೋಡಬೇಕಿಲ್ಲ.

ಐದು ನಿಮಿಷದ ಪರೀಕ್ಷೆಗಳು

ಎಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ 12.4ರಿಂದ 12.7 ವೋಲ್ಟ್ ಇರಬೇಕು. ಎಂಜಿನ್ ಓಡುವಾಗ 13.8ರಿಂದ 14.4. ಎಸ್ಟೇಟಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಬ್ಯಾಟರಿ ಅರ್ಧ ಸತ್ತಿರುತ್ತದೆ. ಮೊದಲು ಅದನ್ನು ಚಾರ್ಜ್ ಮಾಡಿ, ಆಮೇಲೆ ಮುಂದಿನ ಮಾತು. ಎಂಜಿನ್ ಓಡುವಾಗ ಗ್ಲಾಸ್ ಕಣ್ಣಿಗೆ ಕಾಣುವಷ್ಟು ಬೇಗ ಏರಿದರೆ ಮೋಟಾರಿಗೆ ವೋಲ್ಟೇಜ್ ಸಾಲದೇ ಇರಬಹುದು.

ಫ್ಯೂಸನ್ನು ಕಣ್ಣಲ್ಲಿ ನೋಡಿ ಸುಮ್ನೆ ಬಿಡಬೇಡಿ. ಹೊರಗೆ ತೆಗೆದು ಅದರ ಕಾಲುಗಳನ್ನು ನೋಡಿ. ತಂತಿ ಸರಿ ಇದ್ದು ಕಾಲು ಕಪ್ಪಾಗಿದ್ದರೂ ಕರೆಂಟ್ ಸರಿಯಾಗಿ ಹೋಗದು. ಕಪ್ಪಾಗಿದ್ದರೆ ಹೊಸ ಫ್ಯೂಸ್ ಹಾಕಿ, ಹೋಲ್ಡರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. 20 ಆಂಪಿಯರ್ ಇರುವ ಕಡೆ 30 ಹಾಕುವ ಅಭ್ಯಾಸ ದಯವಿಟ್ಟು ಬೇಡ. ಫ್ಯೂಸ್ ಸುಡಬೇಕಾದ ಕಡೆ ವೈರಿಂಗ್ ಸುಡುತ್ತದೆ. ಹಳೆ ಕಾರಿನ ವೈರಿಂಗ್ ಹೋದರೆ ಮತ್ತೆ ಸಿಗುವುದಿಲ್ಲ.

ಎರಡೂ ಬಾಗಿಲಿನ ಸ್ವಿಚ್ ಒಂದೇ ಥರ ಇದ್ದರೆ ಎಡದ್ದನ್ನು ಬಲಕ್ಕೆ ಹಾಕಿ ನೋಡಿ. ತೊಂದರೆಯೂ ಸ್ವಿಚ್ ಜೊತೆ ಆ ಕಡೆಗೆ ಹೋಯಿತೇ? ಹಾಗಾದರೆ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ಬಿಚ್ಚುವ ಕೆಲಸವೇ ಇಲ್ಲ.

ಸ್ವಿಚ್ ಬಿಚ್ಚಿ ತೊಳೆಯುವುದು

ಮಲೆನಾಡಿನ ಕಾರಾದರೆ ಬಹುಪಾಲು ಕಾಯಿಲೆ ಇಲ್ಲೇ ಮುಗಿಯುತ್ತದೆ. ಸ್ವಿಚ್ಚನ್ನು ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನವಾಗಿ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿದರೆ ಹಳೆ ಪ್ಲಾಸ್ಟಿಕ್ ಲಟಕ್ಕನೆ ಒಡೆಯುತ್ತದೆ. ಬಿಚ್ಚುವಾಗ ಬಿಳಿ ಬಟ್ಟೆ ಹಾಸಿಕೊಳ್ಳಿ. ಒಳಗಿನ ಸ್ಪ್ರಿಂಗು, ಉಕ್ಕಿನ ಸಣ್ಣ ಗುಂಡು ಹಾರಿ ಬೀಳುತ್ತವೆ. ಒಂದೊಂದು ಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಒಳಗಿನ ಕಾಂಟ್ಯಾಕ್ಟ್ ಮೇಲೆ ಕಪ್ಪು ಕಲೆ ಕಂಡರೆ ಅದು ಕಿಡಿ ಹಾರಿ ಸುಟ್ಟ ಗುರುತು. ಹಸಿರು ಕಂಡರೆ ಕಿಲುಬು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ. ಹೋಗದಿದ್ದರೆ ತೀರಾ ನಯವಾದ ವಾಟರ್ ಪೇಪರ್‌ನಿಂದ ಒಂದೆರಡು ಸಲ ಮಾತ್ರ. ದೊರಗು ಎಮರಿ ಬೇಡ, ಮೇಲಿನ ಬೆಳ್ಳಿಯ ಲೇಪ ಹೋದರೆ ಮತ್ತೆ ಬೇಗ ಸುಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಚೆನ್ನಾಗಿ ಒಣಗಿಸಿ ಜೋಡಿಸಿ. ಮಳೆಗಾಲದಲ್ಲಿ ಒಣಗಲು ಬಿಡುವುದೇ ಕಷ್ಟದ ಕೆಲಸ. ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ ಹಿಡಿಯಬಹುದು.

ಡೋರ್ ಪ್ಯಾಡ್ ಬಿಚ್ಚುವ ಮೊದಲು

ಗ್ಲಾಸ್ ಮೇಲಿದ್ದರೆ ಅಗಲದ ಟೇಪ್ ಅಂಟಿಸಿ ಬಾಗಿಲಿನ ಎರಡೂ ಕಡೆಗೆ ಎಳೆದು ಕಟ್ಟಿ. ಮಷಿನ್ ಸಡಿಲವಾದಾಗ ಗ್ಲಾಸ್ ಧಡ್ ಅಂತ ಬೀಳಬಾರದು. ಹಳೆಯ ಸ್ಪೋರ್ಟ್ಸ್ ಕಾರಿಗೆ ಗ್ಲಾಸ್ ಹುಡುಕುವುದು ಮೋಟಾರ್ ಹುಡುಕುವುದಕ್ಕಿಂತ ಕಷ್ಟ.

ಬ್ಯಾಟರಿಯ ಮೈನಸ್ ಬಿಚ್ಚಿ. ಬಾಗಿಲಿನಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಬಿಚ್ಚಿದ ಮೇಲೆ ಕಾಲು ಗಂಟೆಯಾದರೂ ಕಾಯಿರಿ. ಹಳದಿ ಕನೆಕ್ಟರ್ ಕಂಡರೆ ಅದಕ್ಕೆ ಮೀಟರನ್ನಾಗಲಿ ಲ್ಯಾಂಪನ್ನಾಗಲಿ ತಾಗಿಸಬೇಡಿ. ಏರ್‌ಬ್ಯಾಗಿನ ಕನೆಕ್ಟರ್ ಬಿಚ್ಚಿದ್ದಾಗ ಇಗ್ನಿಷನ್ ಆನ್ ಮಾಡಬೇಡಿ. ಆನ್ ಮಾಡಿದರೆ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಲೈಟ್ ಹತ್ತಿಕೊಂಡು, ಅಳಿಸಲು ಸ್ಕ್ಯಾನರ್ ಬೇಕಾಗುತ್ತದೆ. ಬಾಗಿಲಿನ ಒಳಗಿನ ತಗಡಿನ ಅಂಚು ಕತ್ತಿಯಷ್ಟು ಹರಿತ. ಗ್ಲೌಸ್ ಇಲ್ಲದೆ ಕೈ ಹಾಕಬೇಡಿ.

ಪ್ಯಾಡಿನ ಸ್ಕ್ರೂಗಳು ಅಡಗಿರುವ ಜಾಗಗಳು ಹೆಚ್ಚಾಗಿ ಮೂರು: ಕೈಹಿಡಿಯ ಒಳಗೆ, ಒಳ ಹ್ಯಾಂಡಲ್‌ನ ಹಿಂದೆ, ಅಂಚಿನ ಮುಚ್ಚಳದ ಕೆಳಗೆ. ಅವು ಬಂದ ಮೇಲೆ ಕ್ಲಿಪ್‌ಗಳನ್ನು ಕೆಳಗಿನಿಂದ ಒಂದೊಂದಾಗಿ ಬಿಡಿಸಿ, ಕೊನೆಗೆ ಪ್ಯಾಡನ್ನು ಮೇಲಕ್ಕೆ ಎತ್ತಿ. ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತದೆ. ಅದನ್ನು ಹರಿಯದೆ ಬಿಡಿಸಿ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಮೀಟರಿಗಿಂತ ಬಲ್ಬು ನಂಬಿ

ಇಡೀ ಕೆಲಸದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಈ ಭಾಗ. ನೂರು ಎಳೆಯ ವೈರಿನಲ್ಲಿ ತೊಂಬತ್ತೊಂಬತ್ತು ಎಳೆ ತುಂಡಾಗಿ ಒಂದೇ ಉಳಿದಿದ್ದರೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ. ಮೀಟರ್ ಎಳೆಯುವ ಕರೆಂಟ್ ಅಷ್ಟು ಕಡಿಮೆ. ಅದನ್ನು ನೋಡಿ "ಕರೆಂಟ್ ಬರ್ತಾ ಇದೆ, ಹಾಗಾದರೆ ಮೋಟಾರೇ ಹೋಗಿದೆ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ತಪ್ಪು ನಡೆಯುವುದೇ ಇಲ್ಲಿ.

ಇಂಡಿಕೇಟರಿಗೆ ಹಾಕುವ 12 ವೋಲ್ಟ್ 21 ವ್ಯಾಟ್ ಬಲ್ಬು ತನ್ನಿ. ಅದಕ್ಕೆ ಎರಡು ಉದ್ದ ವೈರ್ ಬೆಸುಗೆ ಹಾಕಿ. ಇದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ದೊಡ್ಡ ಅಡ್ಡಿ ಇದ್ದರೆ ಬಲ್ಬಿನ ಬೆಳಕಿನಲ್ಲೇ ಗೊತ್ತಾಗುತ್ತದೆ.

ಬ್ಯಾಟರಿ ಮತ್ತೆ ಜೋಡಿಸಿ. ಮೋಟಾರಿನ ಕನೆಕ್ಟರ್ ಬಿಚ್ಚಿ, ಕಾರಿನ ಕಡೆಯ ಎರಡು ಪಿನ್ನಿಗೆ ಬಲ್ಬಿನ ಎರಡು ವೈರ್ ಹಿಡಿಯಿರಿ. ಸ್ವಿಚ್ ಮೇಲಕ್ಕೆ ಒತ್ತಿ, ಕೆಳಕ್ಕೆ ಒತ್ತಿ. ಎರಡೂ ಸಲ ಬಲ್ಬು ಪೂರ್ತಿ ಬೆಳಕಿನಲ್ಲಿ ಉರಿದರೆ ಕರೆಂಟಿನ ದಾರಿ ತಕ್ಕಮಟ್ಟಿಗೆ ಸರಿ ಇದೆ. ಮಂಕಾಗಿ ಉರಿದರೆ ದಾರಿಯಲ್ಲಿ ಅಡ್ಡಿ ಇದೆ. ಉರಿಯದೇ ಇದ್ದರೆ ಒಂದು ವೈರನ್ನು ಕಾರಿನ ಒಳ್ಳೆಯ ಅರ್ಥ್‌ಗೆ ಹಿಡಿದು ಇನ್ನೊಂದನ್ನು ಪಿನ್ನುಗಳಿಗೆ ತಾಗಿಸಿ. ಈಗ ಉರಿದರೆ ಪ್ಲಸ್ ಸರಿ ಇದೆ, ಸ್ವಿಚ್ಚಿನ ಮೂಲಕ ಬರಬೇಕಾದ ಅರ್ಥ್ ಹೋಗಿದೆ.

ಸ್ಯಾನ್ ಸ್ಟಾರ್ಮ್‌ನಂಥ ಫೈಬರ್ ಬಾಡಿಯ ಕಾರಾದರೆ ಬಾಡಿಗೆ ತಾಗಿಸಿ ಅರ್ಥ್ ಹುಡುಕಬೇಡಿ. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅಂಥ ಕಾರಿನಲ್ಲಿ ಎಲ್ಲದಕ್ಕೂ ಅರ್ಥ್ ವೈರಿನಲ್ಲೇ ಬರಬೇಕು. ಹಾಗಾಗಿ ಬ್ಯಾಟರಿಯ ಮೈನಸ್‌ನಿಂದಲೇ ಉದ್ದ ವೈರ್ ಎಳೆದು ನೋಡಿ.

ಈಗ ಮೀಟರಿನ ಸರದಿ. ಮೋಟಾರ್ ಕನೆಕ್ಟರ್ ಜೋಡಿಸಿ, ಗ್ಲಾಸ್ ಏರುತ್ತಿರುವಾಗಲೇ ಕನೆಕ್ಟರಿನ ಹಿಂಬದಿಯಿಂದ ಎರಡೂ ವೈರ್ ನಡುವೆ ವೋಲ್ಟೇಜ್ ಅಳೆಯಿರಿ. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ ಎಷ್ಟಿದೆ ಅಂತ ಇನ್ನೊಬ್ಬರು ನೋಡಲಿ. ಎರಡರ ಅಂತರ 1 ವೋಲ್ಟಿನ ಒಳಗಿದ್ದರೆ ಒಳ್ಳೆಯದು. 2 ದಾಟಿದರೆ ಮೋಟಾರನ್ನು ಬೈಯಬೇಡಿ, ಹಿಂದಕ್ಕೆ ಹುಡುಕುತ್ತಾ ಹೋಗಿ. ಫ್ಯೂಸಿನ ಎರಡು ಬದಿ, ರಿಲೇಯ ಎರಡು ಬದಿ, ಸ್ವಿಚ್ಚಿನ ಎರಡು ಬದಿ, ಅರ್ಥ್ ಬೋಲ್ಟ್. ಮೋಟಾರ್ ಓಡುತ್ತಿರುವಾಗ ಎಲ್ಲಿ ಎರಡು ಬದಿಯ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ಕಾಣುತ್ತದೋ ಅಲ್ಲಿ ಕಳ್ಳ ಇದ್ದಾನೆ.

ಕನೆಕ್ಟರ್ ಮತ್ತೆ ಬಿಚ್ಚಿ, ಮೋಟಾರನ್ನೂ ಒಮ್ಮೆ ನೇರವಾಗಿ ಪರೀಕ್ಷಿಸಿ. ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರ್ ತಂದು ಅದರ ಎರಡು ಪಿನ್ನಿಗೆ ಕೊಡಿ. ಗ್ಲಾಸ್ ಜುಮ್ಮನೆ ಏರಿದರೆ ಮೋಟಾರೂ ಸರಿ, ಮಷಿನೂ ಸರಿ.

ಬಾಗಿಲಿನ ಸಂದಿಯ ವೈರ್

ಬಾಗಿಲು ಮತ್ತು ಬಾಡಿಯ ನಡುವೆ ಕಪ್ಪು ರಬ್ಬರ್ ಕೊಳವೆ ಇದೆಯಲ್ಲ, ಅದರೊಳಗಿನ ವೈರ್‌ಗಳು ಬಾಗಿಲು ತೆಗೆದು ಹಾಕುವಾಗಲೆಲ್ಲ ಮಡಚುತ್ತವೆ. ಕಾಲ ಕಳೆದಂತೆ ಒಳಗಿನ ತಾಮ್ರ ತುಂಡಾಗುತ್ತದೆ, ಮೇಲಿನ ಪ್ಲಾಸ್ಟಿಕ್ ಹಾಗೇ ಇರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಮೊದಲಿನಂತೆ ಮೋಟಾರಿನ ಕನೆಕ್ಟರಿಗೆ ಬಲ್ಬು ಹಿಡಿದು, ಸ್ವಿಚ್ ಒತ್ತಿ ಹಿಡಿದು ಬಾಗಿಲನ್ನು ನಿಧಾನವಾಗಿ ಹಿಂದೆ ಮುಂದೆ ಮಾಡಿ. ಬಲ್ಬು ಹತ್ತಿ ಆರಿದರೆ ಸಿಕ್ಕಿತು. ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಿ. ತುಂಡಾದದ್ದು ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತದೆ.

ಸರಿಮಾಡುವಾಗ ಜಾಯಿಂಟನ್ನು ಮಡಚುವ ಜಾಗದಲ್ಲೇ ಹಾಕಬೇಡಿ. ಬೆಸುಗೆ ಹಾಕಿದ ಕಡೆ ವೈರ್ ಕಡ್ಡಿಯಂತಾಗಿ ಮತ್ತೆ ಅಲ್ಲೇ ಮುರಿಯುತ್ತದೆ. ಸಣ್ಣ ಎಳೆಗಳು ಜಾಸ್ತಿ ಇರುವ ಮೆತ್ತನೆಯ ವೈರ್ ತೆಗೆದುಕೊಳ್ಳಿ. ಒಂದು ಜಾಯಿಂಟ್ ಬಾಗಿಲಿನ ಒಳಗೆ, ಇನ್ನೊಂದು ಡ್ಯಾಶ್‌ಬೋರ್ಡಿನ ಕಡೆ ಬರಲಿ. ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ನಮ್ಮ ಮಳೆಗೆ ಅದರ ಅಂಟು ಬಿಟ್ಟು ಜಾರುತ್ತದೆ.

ಇಲಿಯನ್ನೂ ಮರೆಯಬೇಡಿ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಗೋದಾಮಿನ ಪಕ್ಕ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಕಡಿದ ವೈರಿನ ತುಣುಕು, ಹಿಕ್ಕೆ ಕಂಡರೆ ಬಾಗಿಲು ಬಿಚ್ಚುವ ಮೊದಲು ಅಲ್ಲಿಂದಲೇ ಶುರುಮಾಡಿ.

ರಬ್ಬರ್, ಚಾನೆಲ್, ಕೇಬಲ್

ಬಯಲುಸೀಮೆಯ ಕಾರಿಗೆ ಇದು ಮುಖ್ಯ. ಗ್ಲಾಸ್ ಪೂರ್ತಿ ಇಳಿಸಿ. ತೆಳು ಬಟ್ಟೆಯನ್ನು ಐಸ್‌ಕ್ರೀಂ ಕಡ್ಡಿಗೆ ಸುತ್ತಿ, ಸೋಪಿನ ನೀರಿನಲ್ಲಿ ಅದ್ದಿ, ಗ್ಲಾಸ್ ಓಡುವ ಚಾನೆಲ್ ಒಳಗೆ ಎಳೆಯಿರಿ. ಕೆಂಪು ಮಣ್ಣು ಬರುವುದು ನಿಲ್ಲುವವರೆಗೆ ಮಾಡಿ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಂಜಿನ್ ಆಯಿಲ್, ಗ್ರೀಸ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಪೆಟ್ರೋಲಿಯಂ ಎಣ್ಣೆಗೆ ರಬ್ಬರ್ ಊದಿಕೊಂಡು ಇನ್ನೂ ಬಿಗಿಯಾಗುತ್ತದೆ. ಕೊಬ್ಬರಿ ಎಣ್ಣೆಗೆ ಧೂಳು ಅಂಟಿ ಮೊದಲಿಗಿಂತ ಹೆಚ್ಚು ಕೂರುತ್ತದೆ. ಸಿಲಿಕೋನ್ ಹೊಡೆದು ನಾಲ್ಕೈದು ಸಲ ಏರಿಳಿಸಿ, ವೇಗ ಎಷ್ಟು ಬದಲಾಯಿತು ಅಂತ ನೀವೇ ನೋಡುತ್ತೀರಿ.

ಕೇಬಲ್ ಮಷಿನ್ ಆದರೆ ಕೇಬಲ್ಲಿನ ಉದ್ದಕ್ಕೂ ಬೆಳಕು ಬಿಟ್ಟು ನೋಡಿ. ಒಂದು ಎಳೆ ಬಿಟ್ಟುಕೊಂಡಿದ್ದರೂ ಅದು ಡ್ರಮ್ಮಿನಲ್ಲಿ ಸುತ್ತಿಕೊಂಡು ಕೊನೆಗೆ ಗಂಟಾಗುತ್ತದೆ. ಹಳಿಯ ಮೇಲೆ ಓಡುವ ಪ್ಲಾಸ್ಟಿಕ್ ಬುಷ್ ಸವೆದಿದ್ದರೆ ಗ್ಲಾಸ್ ಓರೆಯಾಗಿ ಏರುತ್ತದೆ. ಬುಷ್ಷನ್ನು ಲೇತ್‌ನವರ ಹತ್ತಿರ ನೈಲಾನ್‌ನಲ್ಲಿ ಮಾಡಿಸಬಹುದು. ಹಳೆಯದನ್ನು ಅಳತೆಗೆ ಕೊಟ್ಟರೆ ಸಾಕು. ಹಳಿಗೆ, ಕೇಬಲ್ಲಿಗೆ ಬಿಳಿ ಲಿಥಿಯಂ ಗ್ರೀಸ್ ತೆಳುವಾಗಿ ಹಚ್ಚಿ.

ತೋಳಿನ ಮಷಿನ್ ಆದರೆ ಒಂದು ಎಚ್ಚರಿಕೆ. ಅದರಲ್ಲಿ ಸುರುಳಿ ಸ್ಪ್ರಿಂಗ್ ಇದ್ದರೆ, ಮೋಟಾರ್ ಬಿಚ್ಚಿದ ಕ್ಷಣ ಹಲ್ಲಿನ ಪಟ್ಟಿ ರಪ್ಪನೆ ತಿರುಗಿ ಬೆರಳು ಕತ್ತರಿಸಬಹುದು. ಮೋಟಾರ್ ಬಿಚ್ಚುವ ಮೊದಲು ಆ ಪಟ್ಟಿಯನ್ನು ಮಷಿನ್ನಿನ ತಗಡಿಗೆ ಬೋಲ್ಟ್ ಹಾಕಿ ಕಟ್ಟಿ.

ಇಷ್ಟೆಲ್ಲ ಆದ ಮೇಲೂ ನಿಧಾನವೆಂದರೆ ಮಾತ್ರ ಮೋಟಾರ್ ಬಿಚ್ಚಿ. ಕಾರ್ಬನ್ ಬ್ರಷ್ ಸವೆದಿದ್ದರೆ ಅಳತೆಗೆ ಸರಿಯಾದದ್ದನ್ನು ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಬಹುದು. ಒಣಗಿ ಜೇನುಮೇಣದಂತಾದ ಹಳೆ ಗ್ರೀಸ್ ತೆಗೆದು ಹೊಸದು ತುಂಬಿ.

ರಿಲೇ ಹಾಕುವ ಉಪಾಯ

ಕೆಲವು ಹಳೆ ಕಾರುಗಳಲ್ಲಿ ಮೋಟಾರಿನ ಕರೆಂಟ್ ಪೂರ್ತಿ ತೆಳು ವೈರ್ ಮತ್ತು ಸ್ವಿಚ್ ಮೂಲಕವೇ ಹೋಗುತ್ತದೆ. ಪ್ರತಿ ಬಾಗಿಲಿಗೆ ಐದು ಪಿನ್ನಿನ ಎರಡು ರಿಲೇ ಹಾಕಿದರೆ ಸ್ವಿಚ್ಚಿನ ಹೊರೆ ಹೋಗುತ್ತದೆ. ಸ್ವಿಚ್ಚಿನಿಂದ ಮೋಟಾರಿಗೆ ಬರುತ್ತಿದ್ದ ಎರಡು ವೈರ್‌ಗಳನ್ನು ಒಂದೊಂದು ರಿಲೇಯ 86 ಎಂದು ಬರೆದ ಪಿನ್ನಿಗೆ ಕೊಡಿ. 85 ಎರಡೂ ಅರ್ಥ್‌ಗೆ. 30 ಮೋಟಾರಿಗೆ. 87ಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ ಹೊಸ ದಪ್ಪ ವೈರ್. 87ಎ ಅರ್ಥ್‌ಗೆ. ಸ್ವಿಚ್ ಒತ್ತಿದಾಗ ಒಂದು ರಿಲೇ ಮಾತ್ರ ಎಳೆಯುತ್ತದೆ, ಮೋಟಾರಿನ ಒಂದು ತುದಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಇನ್ನೊಂದು ತುದಿ ಅರ್ಥ್‌ನಲ್ಲೇ ಇರುತ್ತದೆ. ಒಂದೇ ಸಲ ಒತ್ತಿದರೆ ತಾನೇ ಏರುವ, ಕೈ ಸಿಕ್ಕರೆ ನಿಲ್ಲುವ ವ್ಯವಸ್ಥೆ ಇರುವ ಕಾರಿಗೆ ಇದನ್ನು ಮಾಡಬೇಡಿ. ಅಲ್ಲಿ ಕಂಟ್ರೋಲ್ ಯೂನಿಟ್ ಮೋಟಾರಿನ ಓಟವನ್ನು ಗಮನಿಸುತ್ತಿರುತ್ತದೆ.

ಘಾಟಿಯಲ್ಲಿ ಕೈಕೊಟ್ಟರೆ

ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಮಳೆ ಸುರಿಯುವಾಗ ಗ್ಲಾಸ್ ಇಳಿದು ನಿಂತರೆ ಎಂಜಿನ್ ಓಡುತ್ತಿರಲಿ. ಒಬ್ಬರು ಸ್ವಿಚ್ಚನ್ನು ಮೇಲಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಮೋಟಾರ್ ಇರುವ ಕಡೆ ಡೋರ್ ಪ್ಯಾಡಿಗೆ ಅಂಗೈಯಿಂದ ಗುದ್ದಲಿ. ಸಿಕ್ಕಿಕೊಂಡ ಕಾರ್ಬನ್ ಬ್ರಷ್ ಇದರಿಂದ ಬಿಡಬಹುದು. ಅಲುಗಿತು ಅಂದರೆ ಗ್ಲಾಸನ್ನು ಎರಡೂ ಅಂಗೈ ನಡುವೆ ಒತ್ತಿ ಮೇಲಕ್ಕೆ ಸಹಾಯ ಮಾಡಿ. ಏರಿದ ಮೇಲೆ ಮನೆ ಮುಟ್ಟುವವರೆಗೆ ಆ ಸ್ವಿಚ್ ಮುಟ್ಟಬೇಡಿ.

ವಾಪಸ್ ಜೋಡಿಸುವಾಗ

ಆ ಪ್ಲಾಸ್ಟಿಕ್ ಹಾಳೆಯ ವಿಷಯಕ್ಕೆ ಬರೋಣ. ಗ್ಲಾಸಿನ ಹೊರಮೈಯಿಂದ ಬಾಗಿಲೊಳಗೆ ಇಳಿದ ಮಳೆನೀರು ಪ್ಯಾಡಿಗೆ, ಸ್ವಿಚ್ಚಿಗೆ ತಾಗದಂತೆ ತಡೆಯುವುದು ಅದೇ. ಎಷ್ಟೋ ಗ್ಯಾರೇಜಿನಲ್ಲಿ ಹರಿದು ಎಸೆದುಬಿಡುತ್ತಾರೆ. ಮುಂದಿನ ಮಳೆಗಾಲಕ್ಕೆ ಸ್ವಿಚ್ ಮತ್ತೆ ಕಿಲುಬು ಹಿಡಿಯುತ್ತದೆ. ಹರಿದಿದ್ದರೆ ದಪ್ಪ ಪಾಲಿಥೀನ್ ಹಾಳೆಯನ್ನು ಅದೇ ಆಕಾರಕ್ಕೆ ಕತ್ತರಿಸಿ, ಬ್ಯೂಟೈಲ್ ಟೇಪ್‌ನಿಂದ ಅಂಟಿಸಿ. ಕೆಳ ಅಂಚು ಬಾಗಿಲಿನ ತಗಡಿನ ಒಳಗೆ ಹೋಗಬೇಕು, ಹೊರಗೆ ಬಿಡಬಾರದು.

ಫ್ರೇಮ್ ಇಲ್ಲದ ಬಾಗಿಲಾದರೆ ಗ್ಲಾಸಿನ ಬೋಲ್ಟ್‌ಗಳನ್ನು ಬಿಗಿಮಾಡುವ ಮೊದಲು ಬಾಗಿಲು ಮೆಲ್ಲಗೆ ಮುಚ್ಚಿ, ಗ್ಲಾಸ್ ಮೇಲಿನ ಬೀಡಿಂಗ್‌ಗೆ ಉದ್ದಕ್ಕೂ ಒಂದೇ ಸಮ ಕೂರುತ್ತದೆಯೇ ನೋಡಿ. ಬಿಚ್ಚುವ ಮೊದಲೇ ಬೋಲ್ಟ್ ಸುತ್ತ ಮಾರ್ಕರಿನಿಂದ ಗುರುತು ಹಾಕಿಟ್ಟುಕೊಂಡಿದ್ದರೆ ಇದು ಸುಲಭ. ಬಾಕ್ಸ್‌ಸ್ಟರ್‌ನಂಥ ಕಾರಿನಲ್ಲಿ ಹ್ಯಾಂಡಲ್ ಎಳೆದ ಕೂಡಲೇ ಗ್ಲಾಸ್ ಒಂದು ಸೆಂಟಿಮೀಟರಿನಷ್ಟು ಇಳಿದು ದಾರಿ ಬಿಡುತ್ತದೆ. ಬ್ಯಾಟರಿ ಬಿಚ್ಚಿದ್ದರೆ ಇದು ನಡೆಯುವುದಿಲ್ಲ, ಹಾಗಾಗಿ ಆಗ ಬಾಗಿಲನ್ನು ಮುಚ್ಚಲೇಬೇಡಿ. ಬ್ಯಾಟರಿ ಕೊಟ್ಟ ಮೇಲೆ ಗ್ಲಾಸ್ ಪೂರ್ತಿ ಏರಿಸಿ, ಸ್ವಿಚ್ಚನ್ನು ಮತ್ತೆ ಕೆಲವು ಸೆಕೆಂಡ್ ಮೇಲಕ್ಕೇ ಒತ್ತಿ ಹಿಡಿದರೆ ತುದಿ ಎಲ್ಲಿ ಅನ್ನುವುದನ್ನು ಅದು ಮತ್ತೆ ಕಲಿಯುತ್ತದೆ.

ಪ್ಯಾಡ್ ಹಾಕುವ ಮೊದಲು ಒಂದು ಚೊಂಬು ನೀರನ್ನು ಗ್ಲಾಸಿನ ಹೊರಬದಿಗೆ ನಿಧಾನವಾಗಿ ಸುರಿಯಿರಿ. ಬಾಗಿಲಿನ ತಳದ ತೂತುಗಳಿಂದ ಅದು ಹೊರಗೆ ಬರಬೇಕು. ಬರದಿದ್ದರೆ ಸಿಲ್ವರ್ ಓಕ್ ಎಲೆಯ ಚೂರು, ಮಣ್ಣು ಕಟ್ಟಿಕೊಂಡಿದೆ ಅಂತ ಲೆಕ್ಕ. ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ, ಇನ್ನೊಂದು ಚೊಂಬು ಸುರಿದು ನೋಡಿ. ಪಾಲಿಥೀನ್ ಹಾಳೆಯ ಪ್ಯಾಡ್ ಕಡೆಯ ಮೈ ಒಣಗಿದ್ದರೆ ಪ್ಯಾಡ್ ಹಾಕಬಹುದು.